ಡಿಜಿಟಲ್ ಸಂಗೀತಯಂತ್ರಗಳ ಪೈಪೋಟಿಯೂ ಬೀಗದ ಕೈಯೂ

೧

೧೯೦೨ನೆಯ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಧ್ವನಿಮುದ್ರಣಕಾರನಾದ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಆ ಮಹಾ ಗಾಯಕಿ ತಮ್ಮ ಕಡೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯವನ್ನು ಪಡೆದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅವರ ಕಾಲದ ಮುದ್ರಿಕೆಗಳನ್ನು ಸಂಗ್ರಾಹಕರು ಇಂದಿಗೂ ಕೀಲಿ ತಿರುಗಿಸುವ ಹಳೆಯ ಗ್ರಾಮಫೋನಿನ ಮೇಲಿಟ್ಟು ಕೇಳುತ್ತಾರೆ. ತಟ್ಟೆಯನ್ನು ಮಾಡಿದ ಕಂಪೆನಿ ಒಂದು, ಯಂತ್ರವನ್ನು ಮಾಡಿದ ಕಂಪೆನಿ ಇನ್ನೊಂದು ಆಗಿದ್ದರೂ ಬಾಧಕವಿಲ್ಲ. ತೋಡಿನ ರೀತಿ ಒಂದೇ ಆಗಿದ್ದರೆ ಸಾಕು. ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ, ಅಮೆರಿಕದ ಒಬ್ಬ ಗೃಹಸ್ಥನು ೨೦೦೪ರ ಕೊನೆಯಲ್ಲಿ ಸೋನಿ ಕಂಪೆನಿಯ ಅಥವಾ ಮೈಕ್ರೋಸಾಫ್ಟ್ ಕಂಪೆನಿಯ ಅಂತರ್ಜಾಲದ ಅಂಗಡಿಯಲ್ಲಿ ಹಣ ತೆತ್ತು ಒಂದು ಹಾಡನ್ನು ಕೊಂಡನೆಂದು ಭಾವಿಸೋಣ. ಆತನು ಅದನ್ನು ಮುಂಜಾಗ್ರತೆಯಿಂದ ಬೇರೆಯೊಂದು ತಟ್ಟೆಗೆ ಇಳಿಸಿಟ್ಟುಕೊಳ್ಳದೆ ಇದ್ದಿದ್ದರೆ, ಇಂದು ಹೊಸ ಕಂಪ್ಯೂಟರಿನಲ್ಲಿ ಆ ಹಾಡನ್ನು ತೆರೆಯಲಾರನು. ನೂರಿಪ್ಪತ್ತು ವರ್ಷಗಳ ಹಿಂದಿನ ತಟ್ಟೆ ಹಾಡುತ್ತಿದೆ. ಇಪ್ಪತ್ತು ವರ್ಷಗಳ ಹಿಂದಿನ ಕಡತ ಮೂಕವಾಗಿದೆ. ಇದು ಹೇಗೆ ಸಂಭವಿಸಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಡಿಜಿಟಲ್ ಸಂಗೀತಯಂತ್ರಗಳ ಇತಿಹಾಸವನ್ನು ಸಾಮಾನ್ಯವಾಗಿ ಒಂದು ವಿಜಯಕಥೆಯಾಗಿ ಹೇಳುವ ವಾಡಿಕೆಯುಂಟು: ಅನೇಕ ಕಂಪೆನಿಗಳು ಸ್ಪರ್ಧಿಸಿದವು, ಅಂದವಾದ ಯಂತ್ರವನ್ನು ಮಾಡಿದ ಆಪಲ್ ಕಂಪೆನಿ ಗೆದ್ದಿತು, ಉಳಿದವು ಸೋತವು. ಈ ಕಥೆ ಸುಳ್ಳಲ್ಲ, ಆದರೆ ಅಪೂರ್ಣ. ಪೈಪೋಟಿ ನಡೆದುದು ಯಂತ್ರದ ಅಂದಚಂದಗಳಿಗಾಗಿ ಮಾತ್ರವಲ್ಲ. ಕೇಳುಗನ ಸಂಗೀತಭಂಡಾರಕ್ಕೆ ಬೀಗ ಹಾಕುವ ಮತ್ತು ಆ ಬೀಗದ ಕೈಯನ್ನು ತನ್ನ ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಅಧಿಕಾರಕ್ಕಾಗಿಯೂ ನಡೆಯಿತು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಸೋತ ಕಂಪೆನಿಗಳೊಡನೆ ಅವುಗಳ ಗಿರಾಕಿಗಳೂ ಏಕೆ ಸೋತರೆಂಬುದು ಸ್ಪಷ್ಟವಾಗುತ್ತದೆ.

೨

೧೯೮೨ರಲ್ಲಿ ಸಿ.ಡಿ. ಎಂಬ ತಟ್ಟೆ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಸಂಗೀತವು ಅಂಕಿಗಳ ರೂಪದಲ್ಲಿದ್ದಿತು. ಆದರೆ ಅದಕ್ಕೆ ಬೀಗವಿರಲಿಲ್ಲ. ಒಂದು ತಟ್ಟೆಯಲ್ಲಿ ಸುಮಾರು ೬೫೦ ಮೆಗಾಬೈಟ್‌ಗಳಷ್ಟು ಅಂಕಿಗಳಿದ್ದವು. ಅಷ್ಟನ್ನು ಹಿಡಿದಿಡುವ ಸಾಮರ್ಥ್ಯ ಅಂದಿನ ಮನೆಯ ಕಂಪ್ಯೂಟರಿಗೆ ಇರಲಿಲ್ಲವಾದುದರಿಂದ ಬೀಗದ ಅಗತ್ಯವೇ ಯಾರಿಗೂ ತೋರಲಿಲ್ಲ. ಜರ್ಮನಿಯ ಎರ್ಲಾಂಗೆನ್ ನಗರದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮೊದಲಾದವರು ನಡೆಸಿದ ಸಂಶೋಧನೆ ಈ ಸ್ಥಿತಿಯನ್ನು ಬದಲಾಯಿಸಿತು. ಮನುಷ್ಯನ ಕಿವಿಗೆ ಗೋಚರವಾಗದ ಅಂಶಗಳನ್ನು ಕೈಬಿಟ್ಟು, ಹಾಡಿನ ಗಾತ್ರವನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಸುವ ಈ ವಿಧಾನ ೧೯೯೩ರಲ್ಲಿ ಅಂತರರಾಷ್ಟ್ರೀಯ ಪ್ರಮಾಣದ ಒಂದು ಭಾಗವಾಗಿ ಪ್ರಕಟವಾಯಿತು. ೧೯೯೫ರಲ್ಲಿ ಅದರ ಕಡತಗಳಿಗೆ ಎಂಪಿ೩ ಎಂಬ ಹೆಸರು ಬಂದಿತು. ಈ ಕಡತಕ್ಕೂ ಬೀಗವಿರಲಿಲ್ಲ.

೧೯೯೮ರಲ್ಲಿ ಕೊರಿಯದ ಸೇಹಾನ್ ಕಂಪೆನಿ ಎಂಪಿಮ್ಯಾನ್ ಎಂಬ ಜೇಬಿನ ಯಂತ್ರವನ್ನು ಹೊರತಂದಿತು. ಅದೇ ವರ್ಷ ಅಮೆರಿಕದ ಡೈಮಂಡ್ ಮಲ್ಟಿಮೀಡಿಯ ಕಂಪೆನಿ ೨೦೦ ಡಾಲರ್ ಬೆಲೆಯ ರಿಯೋ ಎಂಬ ಯಂತ್ರವನ್ನು ಮಾರತೊಡಗಿತು. ರಿಯೋದಲ್ಲಿ ಇದ್ದುದು ೩೨ ಮೆಗಾಬೈಟ್‌ಗಳ ಸ್ಥಳ. ಒಳ್ಳೆಯ ಗುಣದ ಧ್ವನಿಯಾದರೆ ಅರ್ಧ ಗಂಟೆಯ ಸಂಗೀತ ಹಿಡಿಯುತ್ತಿದ್ದಿತು. ಇಷ್ಟು ಅಲ್ಪವಾದ ಯಂತ್ರಕ್ಕೂ ಅಮೆರಿಕದ ಧ್ವನಿಮುದ್ರಿಕೆ ಕಂಪೆನಿಗಳ ಸಂಘ ಹೆದರಿ, ಅದೇ ಅಕ್ಟೋಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಡಿಜಿಟಲ್ ಧ್ವನಿಮುದ್ರಣದ ಉಪಕರಣಗಳಲ್ಲಿ ಪ್ರತಿಯ ಪ್ರತಿಯನ್ನು ತಡೆಯುವ ಏರ್ಪಾಡು ಇರಬೇಕು, ತಯಾರಕನು ಗೌರವಧನವನ್ನೂ ಸಲ್ಲಿಸಬೇಕು ಎಂದು ೧೯೯೨ರ ಒಂದು ಕಾನೂನು ವಿಧಿಸಿದ್ದಿತು. ರಿಯೋ ಆ ಕಾನೂನಿಗೆ ಒಳಪಟ್ಟುದೆಂಬುದು ಸಂಘದ ವಾದ. ೧೯೯೯ನೆಯ ಜೂನಿನಲ್ಲಿ ಮೇಲ್ಮನವಿಯ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ತನ್ನಲ್ಲಿ ಈಗಾಗಲೇ ಇರುವ ಹಾಡನ್ನು ಕಂಪ್ಯೂಟರಿನಿಂದ ಜೇಬಿನ ಯಂತ್ರಕ್ಕೆ ಒಯ್ಯುವುದು ಸ್ವಂತದ ಬಳಕೆಯೇ ಎಂದು ಅದು ಅಭಿಪ್ರಾಯಪಟ್ಟಿತು. ಮುಂದೆ ಬಂದ ಎಲ್ಲ ಸಂಗೀತಯಂತ್ರಗಳೂ ಈ ತೀರ್ಪಿನ ನೆರಳಿನಲ್ಲಿ ಬೆಳೆದುವೆನ್ನಬಹುದು.

ನ್ಯಾಯಾಲಯದಲ್ಲಿ ದೊರೆಯದ ಬೀಗವನ್ನು ಕಂಪೆನಿಗಳು ತಾವೇ ಮಾಡಿಕೊಳ್ಳಲು ಹೊರಟವು. ೧೯೯೮ರ ಕೊನೆಯಲ್ಲಿಯೇ ಹಾಡಿನ ಕಂಪೆನಿಗಳೂ ಯಂತ್ರದ ಕಂಪೆನಿಗಳೂ ಸೇರಿ, ಎಲ್ಲರಿಗೂ ಸಮ್ಮತವಾದ ಒಂದೇ ಬೀಗವನ್ನು ರೂಪಿಸುವುದಕ್ಕಾಗಿ ಒಂದು ಒಕ್ಕೂಟವನ್ನು ಕಟ್ಟಿದ್ದವು. ೨೦೦೦ನೆಯ ಸೆಪ್ಟೆಂಬರಿನಲ್ಲಿ ಅದು ತನ್ನ ಗುರುತುಗಳನ್ನು ಮುರಿಯಬಲ್ಲವರಿಗೆ ಬಹಿರಂಗ ಸವಾಲು ಹಾಕಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಫೆಲ್ಟನ್ ಅವರೂ ಅವರ ಸಂಗಡಿಗರೂ ಆ ಸವಾಲನ್ನು ಗೆದ್ದರು. ಒಕ್ಕೂಟ ೨೦೦೧ರಲ್ಲಿ ನಿಷ್ಕ್ರಿಯವಾಯಿತು. ಎಲ್ಲರಿಗೂ ಒಂದೇ ಬೀಗ ಎಂಬ ಯೋಜನೆ ಹೀಗೆ ಮುರಿದುಬಿದ್ದ ಮೇಲೆ ಪ್ರತಿಯೊಂದು ಕಂಪೆನಿಯೂ ತನ್ನದೇ ಬೀಗವನ್ನು ಮಾಡಿಕೊಂಡಿತು. ಮುಂದಿನ ಹತ್ತು ವರ್ಷಗಳ ಗೊಂದಲದ ಬೀಜ ಇಲ್ಲಿದೆ.

೩

ಈ ಸ್ಪರ್ಧೆಯಲ್ಲಿ ಗೆಲ್ಲಬೇಕಾಗಿದ್ದುದು ಜಪಾನಿನ ಸೋನಿ ಕಂಪೆನಿ. ೧೯೭೯ರಲ್ಲಿ ವಾಕ್‌ಮನ್ ಯಂತ್ರವನ್ನು ಹೊರತಂದು, ನಡೆಯುತ್ತ ಸಂಗೀತ ಕೇಳುವ ಅಭ್ಯಾಸವನ್ನು ಲೋಕಕ್ಕೆ ಕಲಿಸಿದ ಕೀರ್ತಿ ಅದರದು. ಅದಕ್ಕೆ ಯಂತ್ರಕೌಶಲವಿದ್ದಿತು, ಹೆಸರಿದ್ದಿತು, ಹಣವಿದ್ದಿತು. ಅಷ್ಟೇ ಅಲ್ಲ, ಸಂಗೀತವೂ ಇದ್ದಿತು. ಅದು ೧೯೮೮ರಲ್ಲಿ ೨೦೦ ಕೋಟಿ ಡಾಲರುಗಳನ್ನು ತೆತ್ತು ಅಮೆರಿಕದ ಸಿ.ಬಿ.ಎಸ್. ರೆಕಾರ್ಡ್ಸ್ ಕಂಪೆನಿಯನ್ನು ಕೊಂಡುಕೊಂಡಿದ್ದಿತು. ಯಂತ್ರವೂ ಹಾಡೂ ಒಂದೇ ಮನೆಯಲ್ಲಿದ್ದರೆ ಎದುರಾಳಿಗೆ ಎಡೆಯಿರದೆಂಬುದು ಆ ವ್ಯಾಪಾರದ ಹಿಂದಿನ ಆಲೋಚನೆ.

ಆಗಿದ್ದು ಮಾತ್ರ ಬೇರೆ. ಇದೇ ಸೋನಿ ಕಂಪೆನಿ ಹಿಂದೆ ತನ್ನ ವಿಡಿಯೋ ಯಂತ್ರದ ವಿಷಯದಲ್ಲಿ ಚಲನಚಿತ್ರ ಕಂಪೆನಿಗಳೊಡನೆ ಹೋರಾಡಿ, ಮನೆಯಲ್ಲಿ ಕುಳಿತು ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವ ಪ್ರೇಕ್ಷಕನ ಹಕ್ಕನ್ನು ೧೯೮೪ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಎತ್ತಿಹಿಡಿದಿದ್ದಿತು. ಹದಿನೈದು ವರ್ಷಗಳ ಅನಂತರ ಅದು ಬೇಲಿಯ ಆಚೆ ಕಡೆಯಲ್ಲಿ ನಿಂತಿತು. ಅದರ ಒಂದು ಕೈ ಯಂತ್ರವನ್ನು ಮಾರಬೇಕು. ಇನ್ನೊಂದು ಕೈ ಹಾಡುಗಳ ನಕಲನ್ನು ತಡೆಯಬೇಕು. ೧೯೯೯ರಲ್ಲಿ ಹೊರಬಂದ ಅದರ ಮೊದಲ ಮೆಮೊರಿ ವಾಕ್‌ಮನ್ ಎಂಪಿ೩ ಕಡತಗಳನ್ನು ನೇರವಾಗಿ ನುಡಿಸುತ್ತಿರಲಿಲ್ಲ. ಕೇಳುಗನು ತನ್ನ ಹಾಡುಗಳನ್ನು ಸೋನಿಯದೇ ಆದ ಆಟ್ರಾಕ್ ಎಂಬ ಬಗೆಗೆ ಪರಿವರ್ತಿಸಿ, ಬೀಗ ಹಾಕಿದ ರೂಪದಲ್ಲಿ ಯಂತ್ರಕ್ಕೆ ತುಂಬಬೇಕಾಗಿದ್ದಿತು. ತನ್ನ ಮನೆಯ ಕಪಾಟಿನ ತಟ್ಟೆಯಿಂದ ತೆಗೆದ ಹಾಡನ್ನೂ ಯಂತ್ರಕ್ಕೆ ಕಡ ಕೊಟ್ಟಂತೆ ಲೆಕ್ಕವಿಟ್ಟು ಒಯ್ದು, ಲೆಕ್ಕವಿಟ್ಟು ಹಿಂತಿರುಗಿಸಬೇಕೆಂಬ ನಿಯಮ ಅಲ್ಲಿದ್ದಿತು.

ಈ ತೊಡಕಿನಿಂದ ಸೋನಿ ಬಿಡಿಸಿಕೊಳ್ಳಲು ೨೦೦೪ರವರೆಗೆ ಕಾಲ ಹಿಡಿಯಿತು. ಅದೇ ವರ್ಷ ತೆರೆದ ಅದರ ಕನೆಕ್ಟ್ ಎಂಬ ಹಾಡಿನ ಅಂಗಡಿ ೨೦೦೮ರಲ್ಲಿ ಮುಚ್ಚಿತು. ಈ ನಡುವೆ ೨೦೦೫ರಲ್ಲಿ, ಸೋನಿಯ ಪಾಲುಗಾರಿಕೆಯಿದ್ದ ಧ್ವನಿಮುದ್ರಿಕೆ ಕಂಪೆನಿ ಮಾರಿದ ಕೆಲವು ಸಿ.ಡಿ.ಗಳು ನಕಲನ್ನು ತಡೆಯುವ ನೆಪದಲ್ಲಿ ಗಿರಾಕಿಯ ಕಂಪ್ಯೂಟರಿನೊಳಗೆ ಅವನಿಗರಿಯದಂತೆ ಒಂದು ಗುಪ್ತ ತಂತ್ರಾಂಶವನ್ನು ನೆಲೆಗೊಳಿಸುತ್ತಿದ್ದುದು ಬಯಲಾಗಿ, ಆ ತಟ್ಟೆಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಹಾಡು ಮತ್ತು ಯಂತ್ರ ಎರಡೂ ಒಂದೇ ಒಡೆಯನ ಕೈಯಲ್ಲಿದ್ದುದು ಬಲವಾಗುವ ಬದಲು ಕಾಲ್ತೊಡಕಾದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

೪

ಆಪಲ್ ಕಂಪೆನಿ ಈ ರಂಗಕ್ಕೆ ಮೊದಲು ಬಂದುದಲ್ಲ. ಹಾರ್ಡ್ ಡಿಸ್ಕ್ ಉಳ್ಳ ಜೇಬಿನ ಯಂತ್ರ ೧೯೯೯ರಲ್ಲಿಯೇ ಮಾರಾಟಕ್ಕೆ ಬಂದಿದ್ದಿತು. ಸಿಂಗಪುರದ ಕ್ರಿಯೇಟಿವ್ ಕಂಪೆನಿಯ ನೋಮ್ಯಾಡ್ ಜೂಕ್‌ಬಾಕ್ಸ್ ೨೦೦೦ದಲ್ಲಿ ೬ ಗಿಗಾಬೈಟ್‌ಗಳೊಡನೆ ಬಂದಿತು. ೨೦೦೧ನೆಯ ಅಕ್ಟೋಬರ್ ೨೩ರಂದು ಪ್ರಕಟವಾದ ಐಪಾಡ್‌ನಲ್ಲಿದ್ದುದು ೫ ಗಿಗಾಬೈಟ್. ಬೆಲೆ ೩೯೯ ಡಾಲರ್. ಅದರೊಳಗಿನ ೧.೮ ಅಂಗುಲದ ಡಿಸ್ಕ್ ತೋಷಿಬ ಕಂಪೆನಿಯದು; ಮುಖ್ಯ ಚಿಪ್ ಕ್ಯಾಲಿಫೋರ್ನಿಯದ ಪೋರ್ಟಲ್‌ಪ್ಲೇಯರ್ ಎಂಬ ಸಣ್ಣ ಕಂಪೆನಿಯದು. ಆ ಕಂಪೆನಿಯ ಇಂಜಿನಿಯರುಗಳಲ್ಲಿ ಅನೇಕರು ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದರು. ಇತರರು ಮಾಡಿದ ಭಾಗಗಳನ್ನು ಕೂಡಿಸಿ, ಸಾವಿರ ಹಾಡುಗಳನ್ನು ಅಂಗೈಯಲ್ಲಿ ಹಿಡಿಯುವಂತೆ ಮಾಡಿದುದು ಆಪಲ್ ಕಂಪೆನಿಯ ಸಾಧನೆ. ಯಂತ್ರದ ಪರದೆಯಲ್ಲಿ ಹಾಡನ್ನು ಆರಿಸುವ ಕ್ರಮದ ಬಗ್ಗೆ ಕ್ರಿಯೇಟಿವ್ ಕಂಪೆನಿ ಹೂಡಿದ ಪೇಟೆಂಟಿನ ವ್ಯಾಜ್ಯವನ್ನು ಆಪಲ್ ೨೦೦೬ರಲ್ಲಿ ೧೦ ಕೋಟಿ ಡಾಲರ್ ಕೊಟ್ಟು ಪರಿಹರಿಸಿಕೊಳ್ಳಬೇಕಾಯಿತೆಂಬುದನ್ನೂ ನೆನೆಯಬೇಕು.

ಐಪಾಡ್ ಗೆದ್ದುದರ ಗುಟ್ಟು ಅದರ ಇಬ್ಬಗೆಯ ನೀತಿಯಲ್ಲಿದೆಯೆಂದು ನಮಗೆ ತೋರುತ್ತದೆ. ಕೇಳುಗನ ಹಳೆಯ ಸಂಗ್ರಹದ ಕಡೆಗೆ ಅದರ ಬಾಗಿಲು ತೆರೆದಿದ್ದಿತು: ಎಂಪಿ೩ ಕಡತವನ್ನು ಅದು ಯಾವ ಲೆಕ್ಕವನ್ನೂ ಕೇಳದೆ ನುಡಿಸುತ್ತಿದ್ದಿತು. ಎದುರಾಳಿ ಕಂಪೆನಿಗಳ ಕಡೆಗೆ ಮಾತ್ರ ಆ ಬಾಗಿಲು ಭದ್ರವಾಗಿ ಮುಚ್ಚಿದ್ದಿತು. ೨೦೦೩ನೆಯ ಏಪ್ರಿಲ್ ೨೮ರಂದು ಆಪಲ್ ೨ ಲಕ್ಷ ಹಾಡುಗಳೊಡನೆ, ಹಾಡೊಂದಕ್ಕೆ ೯೯ ಸೆಂಟುಗಳಂತೆ, ಐಟ್ಯೂನ್ಸ್ ಅಂಗಡಿಯನ್ನು ತೆರೆಯಿತು. ಮೊದಲ ವಾರದಲ್ಲಿಯೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ಹಾಡಿನ ಕಂಪೆನಿಗಳ ಷರತ್ತಿನಂತೆ ಆ ಹಾಡುಗಳಿಗೆ ಬೀಗ ಹಾಕಿದ್ದಿತು. ಆ ಬೀಗವನ್ನು ತೆರೆಯುವ ಜೇಬಿನ ಯಂತ್ರವೆಂದರೆ ಐಪಾಡ್ ಒಂದೇ. ೨೦೦೪ರಲ್ಲಿ ರಿಯಲ್‌ನೆಟ್‌ವರ್ಕ್ಸ್ ಕಂಪೆನಿ ತಾನು ಮಾರಿದ ಹಾಡುಗಳೂ ಐಪಾಡಿನಲ್ಲಿ ನುಡಿಯುವಂತೆ ಒಂದು ಉಪಾಯವನ್ನು ಹೂಡಿದಾಗ, ಆಪಲ್ ತನ್ನ ತಂತ್ರಾಂಶವನ್ನು ಬದಲಾಯಿಸಿ ಅದನ್ನು ನಿಷ್ಫಲಗೊಳಿಸಿತು.

ಹಾಡಿನ ಕಂಪೆನಿಗಳು ತಮ್ಮ ರಕ್ಷಣೆಗಾಗಿ ಬೇಡಿದ ಬೀಗವೇ ಹೀಗೆ ಅವುಗಳನ್ನು ಒಬ್ಬ ವ್ಯಾಪಾರಿಯ ಅಧೀನಕ್ಕೆ ತಂದಿತು. ಬೀಗವನ್ನು ಹಾಕಿಸಿದವರು ಅವರು. ಬೀಗದ ಕೈ ಇದ್ದುದು ಆಪಲ್ ಕಂಪೆನಿಯ ಬಳಿ. ಬೆಲೆಯನ್ನು ಗೊತ್ತುಮಾಡುವ ಸ್ವಾತಂತ್ರ್ಯವೂ ಅವರ ಕೈತಪ್ಪಿತು. ೨೦೦೭ನೆಯ ಜನವರಿಯಲ್ಲಿ ನಾರ್ವೆಯ ಗ್ರಾಹಕ ರಕ್ಷಣಾಧಿಕಾರಿಯು ಈ ಬೀಗ ಕಾನೂನಿಗೆ ವಿರುದ್ಧವೆಂದು ಸಾರಿದನು. ಮರುತಿಂಗಳು ಸ್ಟೀವ್ ಜಾಬ್ಸ್ ಪ್ರಕಟಿಸಿದ ಬಹಿರಂಗ ಪತ್ರ ನಮ್ಮ ದೃಷ್ಟಿಯಿಂದ ಒಂದು ಮುಖ್ಯ ಆಕರ. ೨೦೦೬ರ ಕೊನೆಯವರೆಗೆ ೯ ಕೋಟಿ ಐಪಾಡ್‌ಗಳೂ ೨೦೦ ಕೋಟಿ ಹಾಡುಗಳೂ ಮಾರಾಟವಾಗಿವೆ, ಎಂದರೆ ಯಂತ್ರವೊಂದಕ್ಕೆ ೨೨ ಹಾಡುಗಳು. ಐಪಾಡಿನಲ್ಲಿರುವ ಸಂಗೀತದಲ್ಲಿ ಶೇಕಡ ೩ಕ್ಕಿಂತ ಕಡಮೆ ಭಾಗಕ್ಕೆ ಮಾತ್ರ ಬೀಗವಿದೆಯೆಂದು ಆತನು ಅದರಲ್ಲಿ ಲೆಕ್ಕ ಹಾಕಿದ್ದನು. ಈ ಲೆಕ್ಕ ಸ್ವಪಕ್ಷದ ಸಮರ್ಥನೆಗಾಗಿ ಮಾಡಿದುದೆಂಬುದನ್ನು ಮರೆಯಲಾಗದು. ಆದರೂ ಜನರು ಜೇಬಿನಲ್ಲಿ ಹೊತ್ತು ತಿರುಗುತ್ತಿದ್ದ ಸಂಗೀತದ ಬಹುಭಾಗ ಬೀಗವಿಲ್ಲದ ಸಂಗೀತವೇ ಆಗಿದ್ದಿತೆಂಬುದಕ್ಕೆ ಅದು ಸಾಕ್ಷಿ. ೨೦೦೭ನೆಯ ಏಪ್ರಿಲಿನಲ್ಲಿ ಇ.ಎಂ.ಐ. ಕಂಪೆನಿ ಬೀಗವಿಲ್ಲದೆ ಮಾರಲು ಒಪ್ಪಿತು. ಆಪಲ್‌ಗೆ ಎದುರಾಳಿಯೊಬ್ಬ ಬೇಕೆಂಬ ಆಶೆಯಿಂದ ಹಾಡಿನ ಕಂಪೆನಿಗಳು ಅದೇ ವರ್ಷ ಆರಂಭವಾದ ಅಮೆಜಾನ್ ಅಂಗಡಿಗೆ ಒಂದೊಂದಾಗಿ ಬೀಗವಿಲ್ಲದ ಹಾಡುಗಳನ್ನು ಒದಗಿಸಿದವು. ೨೦೦೯ರಲ್ಲಿ ಐಟ್ಯೂನ್ಸ್‌ನ ಹಾಡುಗಳಿಂದಲೂ ಬೀಗ ಕಳಚಿತು.

೫

ಮೈಕ್ರೋಸಾಫ್ಟ್ ಕಂಪೆನಿಯ ಹಾದಿ ಬೇರೆ. ಅದು ಯಂತ್ರವನ್ನು ತಾನು ಮಾಡದೆ, ಬೀಗವನ್ನು ಮಾತ್ರ ಮಾಡಿ ಇತರ ಕಂಪೆನಿಗಳಿಗೆ ಹಂಚಿತು. ೨೦೦೪ರಲ್ಲಿ ಈ ಏರ್ಪಾಡಿಗೆ ಅದು ಇಟ್ಟ ಹೆಸರು 'ಪ್ಲೇಸ್ ಫಾರ್ ಶೂರ್'. ಖಂಡಿತವಾಗಿ ನುಡಿಯುತ್ತದೆ ಎಂದು ಅದರ ಅರ್ಥ. ಅನೇಕ ಅಂಗಡಿಗಳೂ ಅನೇಕ ತಯಾರಕರೂ ಇದನ್ನು ನಂಬಿ ಮುಂದೆ ಬಂದರು. ೨೦೦೬ನೆಯ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ತಾನೇ ಜ಼ೂನ್ ಎಂಬ ಯಂತ್ರವನ್ನು ಹೊರತಂದಿತು. 'ಖಂಡಿತವಾಗಿ ನುಡಿಯುವ' ಹಾಡುಗಳು ಆ ಯಂತ್ರದಲ್ಲಿ ನುಡಿಯಲಿಲ್ಲ. ನಂಬಿ ಬಂದ ಪಾಲುದಾರರು ನಡುನೀರಿನಲ್ಲಿ ಉಳಿದರು. ಜ಼ೂನ್ ಯಂತ್ರದ ತಯಾರಿಕೆಯೂ ೨೦೧೧ರಲ್ಲಿ ನಿಂತಿತು.

ನಿಜವಾದ ಪರೀಕ್ಷೆ ಬಂದುದು ೨೦೦೮ರಲ್ಲಿ. ಬೀಗ ಹಾಕಿದ ಹಾಡನ್ನು ಹೊಸ ಕಂಪ್ಯೂಟರಿಗೆ ಒಯ್ದಾಗ, ಅದು ಕಂಪೆನಿಯ ಸರ್ವರ್‌ನಿಂದ ಬೀಗದ ಕೈಯನ್ನು ಮತ್ತೆ ಕೇಳಿ ಪಡೆಯಬೇಕು. ಮೈಕ್ರೋಸಾಫ್ಟ್ ತಾನು ಮುಚ್ಚಿದ್ದ ಹಾಡಿನ ಅಂಗಡಿಯ ಸರ್ವರ್‌ಗಳನ್ನು ಆಗಸ್ಟ್ ೩೧ಕ್ಕೆ ನಿಲ್ಲಿಸುವುದಾಗಿ ಆ ವರ್ಷದ ಏಪ್ರಿಲಿನಲ್ಲಿ ತಿಳಿಸಿತು. ಗಿರಾಕಿಗಳ ಪ್ರತಿಭಟನೆಯ ಮೇಲೆ ಗಡುವನ್ನು ೨೦೧೧ರ ಕೊನೆಯವರೆಗೆ ಮುಂದೂಡಿತು. ಯಾಹೂ ಕಂಪೆನಿ ಸೆಪ್ಟೆಂಬರ್ ೩೦ರಂದು ತನ್ನ ಅಂಗಡಿಯನ್ನು ಮುಚ್ಚುವುದಾಗಿ ಸಾರಿ, ಗಿರಾಕಿಗಳಿಗೆ ಪರಿಹಾರವನ್ನು ಕೊಡಬೇಕಾಯಿತು. ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ೧೯೯೯ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಮೊದಲಾದವುಗಳಿಂದ ಹಣ ಕೊಡದೆ ಹಾಡು ಪಡೆದವನ ಸಂಗ್ರಹ ಹಾಗೆಯೇ ಉಳಿಯಿತು; ಕಾನೂನಿಗೆ ತಲೆಬಾಗಿ ಹಣ ತೆತ್ತವನ ಸಂಗ್ರಹ ಕೈಬಿಟ್ಟುಹೋಯಿತು.

ಬೀಗವಿಲ್ಲದಿದ್ದರೆ ಹಾಡಿನ ಕಂಪೆನಿಗಳು ಮಾರಾಟಕ್ಕೆ ಒಪ್ಪುತ್ತಲೇ ಇರಲಿಲ್ಲ, ಗಾಯಕರಿಗೆ ಪ್ರತಿಫಲವೂ ದೊರೆಯುತ್ತಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ. ೨೦೦೩ರ ಮಟ್ಟಿಗೆ ಈ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ೨೦೦೯ರ ಅನಂತರ ಬೀಗವಿಲ್ಲದೆಯೂ ಅದೇ ಅಂಗಡಿಗಳು ನಡೆದುವೆಂಬುದು ಅದಕ್ಕೆ ಉತ್ತರ. ಕಲಾವಿದನಿಗೆ ಸಲ್ಲಬೇಕಾದುದು ಬೆಲೆ. ಬೀಗದಿಂದ ಲಾಭ ಪಡೆದವನು ಬೀಗ ಮಾಡಿದವನು.

೬

ಜೇಬಿನಲ್ಲಿ ನಡೆದ ಪೈಪೋಟಿ ಅದೇ ಕಾಲದಲ್ಲಿ ಮನೆಯ ಹಜಾರಕ್ಕೂ ಹಬ್ಬಿತು. ಇಲ್ಲಿ ಎರಡು ಕಂಪೆನಿಗಳ ಹೋಲಿಕೆ ಬೋಧಪ್ರದವಾಗಿದೆ. ೨೦೦೧ರಲ್ಲಿ ಕ್ಯಾಲಿಫೋರ್ನಿಯದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪೆನಿ, ಕಂಪ್ಯೂಟರಿನಲ್ಲಿರುವ ಹಾಡನ್ನು ಮನೆಯ ಧ್ವನಿವರ್ಧಕಕ್ಕೆ ತಲುಪಿಸುವ ಸಣ್ಣ ಪೆಟ್ಟಿಗೆಯನ್ನು ಮಾಡಿತು. ಅದಕ್ಕೆ ಬೇಕಾದ ಸರ್ವರ್ ತಂತ್ರಾಂಶವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದಂತೆ ಬಹಿರಂಗಗೊಳಿಸಿತು. ಸ್ಕ್ವೀಜ಼್‌ಬಾಕ್ಸ್ ಎಂದು ಹೆಸರಾದ ಈ ಯಂತ್ರಗಳ ಕಂಪೆನಿಯನ್ನು ಲಾಜಿಟೆಕ್ ೨೦೦೬ರಲ್ಲಿ ಕೊಂಡು, ೨೦೧೨ರಲ್ಲಿ ಯಂತ್ರಗಳ ತಯಾರಿಕೆಯನ್ನು ಕೈಬಿಟ್ಟಿತು; ೨೦೨೪ರಲ್ಲಿ ತನ್ನ ಅಂತರ್ಜಾಲ ಸೇವೆಯನ್ನೂ ನಿಲ್ಲಿಸಿತು. ಆದರೂ ತಂತ್ರಾಂಶ ಬಹಿರಂಗವಾಗಿದ್ದುದರಿಂದ ಬಳಕೆದಾರರೇ ಅದನ್ನು ಲಿರಿಯನ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಕಂಪೆನಿ ಕೈಬಿಟ್ಟ ಪೆಟ್ಟಿಗೆಗಳು ಹೀಗೆ ಹಾಡುವುದನ್ನು ಮುಂದುವರಿಸಿವೆ.

ಇನ್ನೊಂದು, ೨೦೦೨ರಲ್ಲಿ ಸ್ಥಾಪಿತವಾದ ಸೋನೋಸ್. ೨೦೦೫ರಿಂದ ಮಾರಾಟಕ್ಕೆ ಬಂದ ಇದರ ಯಂತ್ರಗಳು ಮನೆಯ ಎಲ್ಲ ಕೋಣೆಗಳಲ್ಲಿಯೂ ಒಂದೇ ಹಾಡನ್ನು ಏಕಕಾಲದಲ್ಲಿ ಕೇಳಿಸುವುದರಲ್ಲಿ ಸಮರ್ಥವಾಗಿದ್ದು, ಯೋಗ್ಯವಾದ ಯಶಸ್ಸನ್ನು ಪಡೆದವು. ಅವುಗಳ ತಂತ್ರಾಂಶ ಮಾತ್ರ ಕಂಪೆನಿಯ ವಶದಲ್ಲಿಯೇ ಉಳಿಯಿತು. ಹಳೆಯ ಯಂತ್ರಗಳಿಗೆ ಇನ್ನು ಮೇಲೆ ಹೊಸ ತಂತ್ರಾಂಶ ದೊರೆಯದೆಂದು ೨೦೨೦ನೆಯ ಜನವರಿಯಲ್ಲಿ ಅದು ಸಾರಿದಾಗ ಗಿರಾಕಿಗಳು ಕೆರಳಿದರು. ಕಂಪೆನಿಯ ಮುಖ್ಯಸ್ಥನು ಕ್ಷಮೆ ಕೇಳಬೇಕಾಯಿತು. ೨೦೨೪ನೆಯ ಮೇ ತಿಂಗಳಲ್ಲಿ ಹೊಸ ತಂತ್ರಾಂಶವೊಂದು ಬಂದಾಗ ಅದುವರೆಗೆ ಇದ್ದ ಕೆಲವು ಸೌಲಭ್ಯಗಳು ಇದ್ದಕ್ಕಿದ್ದಂತೆ ಇಲ್ಲವಾದವು. ಯಂತ್ರ ಕೊಂಡವನ ಮನೆಯಲ್ಲಿದೆ. ಅದು ಏನು ಮಾಡಬೇಕೆಂಬುದು ಬೇರೆಡೆಯಲ್ಲಿ ತೀರ್ಮಾನವಾಗುತ್ತದೆ.

ಈ ರಂಗಕ್ಕೆ ಆಪಲ್ ೨೦೦೭ರಲ್ಲಿ, ರೋಕು ೨೦೦೮ರಲ್ಲಿ, ಗೂಗಲ್ ೨೦೧೩ರಲ್ಲಿ, ಅಮೆಜಾನ್ ೨೦೧೪ರಲ್ಲಿ ತಮ್ಮ ತಮ್ಮ ಪೆಟ್ಟಿಗೆಗಳನ್ನು ತಂದವು. ಅಷ್ಟರಲ್ಲಿ ಹಾಡನ್ನು ಕೊಳ್ಳುವ ಪದ್ಧತಿಯೇ ಹಿಂದೆ ಸರಿಯತೊಡಗಿದ್ದಿತು. ೨೦೦೮ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಸ್ಪಾಟಿಫೈ ತಿಂಗಳ ಚಂದಾ ಪಡೆದು ಹಾಡು ಕೇಳಿಸುವ ಪದ್ಧತಿಯನ್ನು ಬಳಕೆಗೆ ತಂದಿತು. ಆಪಲ್ ಕೂಡ ೨೦೧೫ರಲ್ಲಿ ಅದೇ ಹಾದಿಯನ್ನು ಹಿಡಿಯಿತು. ೨೦೦೮ರ ಆರ್ಥಿಕ ವರ್ಷದಲ್ಲಿ ಸುಮಾರು ೫ ಕೋಟಿ ೪೮ ಲಕ್ಷ ಮಾರಾಟವಾಗಿದ್ದ ಐಪಾಡ್, ಫೋನಿನೊಳಗೆ ಕರಗಿ, ೨೦೨೨ನೆಯ ಮೇ ತಿಂಗಳಲ್ಲಿ ನಿಂತುಹೋಯಿತು.

೭

ನಮ್ಮ ದೇಶದಲ್ಲಿ ಬೀಗದ ಈ ಯುಗ ಹೆಚ್ಚಾಗಿ ಕಾಣಿಸಿಕೊಳ್ಳಲಿಲ್ಲ. ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದುದು ೨೦೧೨ನೆಯ ಡಿಸೆಂಬರಿನಲ್ಲಿ. ಆ ವೇಳೆಗೆ ಬೀಗ ಕಳಚಿ ಮೂರು ವರ್ಷಗಳಾಗಿದ್ದವು. ನಮ್ಮ ಊರುಗಳಲ್ಲಿ ಜನರು ಎಂಪಿ೩ ತಟ್ಟೆಗಳನ್ನು ಕೊಂಡರು, ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡರು. ಅದರಲ್ಲಿ ಬಹುಪಾಲು ಕಾನೂನುಬಾಹಿರವೆಂಬುದು ನಿಜ. ಬೀಗದ ಹಂತವನ್ನು ದಾಟದೆಯೇ ನಾವು ನೇರವಾಗಿ ಚಂದಾಪದ್ಧತಿಗೆ ಬಂದಿದ್ದೇವೆ. ಆದುದರಿಂದ ಅನ್ಯರು ಅನುಭವಿಸಿ ಕಲಿತ ಪಾಠ ನಮಗೆ ದೊರೆತಿಲ್ಲ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ವಿಷಯ ಕೇವಲ ವಾಣಿಜ್ಯದ ಕಥೆಯಲ್ಲ. ಒಂದು ಕಾಲದ ಜನ ಏನನ್ನು ಕೇಳಿದರೆಂಬುದನ್ನು ಅರಿಯಲು ನಮಗೆ ಆಕರಗಳು ಬೇಕು. ಹಿಂದಿನ ಪೀಳಿಗೆಯ ಆಕರಗಳು ಮನೆಯ ಅಟ್ಟದ ಮೇಲಿನ ತಟ್ಟೆಗಳಲ್ಲಿ, ಪೆಟ್ಟಿಗೆಯೊಳಗಿನ ಕ್ಯಾಸೆಟ್‌ಗಳಲ್ಲಿ ಉಳಿದುವು. ಒಡೆಯ ಸತ್ತರೂ, ಕಂಪೆನಿ ಮುಚ್ಚಿದರೂ, ಅವು ಮೊಮ್ಮಕ್ಕಳ ಕೈಗೆ ಬಂದುವು. ನಮ್ಮ ಪೀಳಿಗೆಯ ಸಂಗ್ರಹ ಚಂದಾ ನಿಂತ ದಿನವೇ ಇಲ್ಲವಾಗುತ್ತದೆ. ಕರ್ನಾಟಕದ ಕಾಲೇಜುಗಳ ಗ್ರಂಥಭಂಡಾರಗಳು ಪುಸ್ತಕಗಳನ್ನು ಕೂಡಿಸಿಡುವಂತೆ, ಬೀಗವಿಲ್ಲದ ರೂಪದಲ್ಲಿ ನಾಡಿನ ಧ್ವನಿಮುದ್ರಿಕೆಗಳನ್ನೂ ಕಾನೂನುಬದ್ಧವಾಗಿ ಕೂಡಿಸಿಡುವ ಕೆಲಸವನ್ನು ಕೈಗೊಳ್ಳುವುದು ಅವಶ್ಯಕ. ಮೈಸೂರಿನಲ್ಲಿ ತೀರಿಕೊಂಡ ಗಾಯಕಿಯ ದನಿ ನಮಗೆ ಉಳಿದುದು, ಆ ತಟ್ಟೆಯನ್ನು ಕೊಂಡವನು ಅದರ ಒಡೆಯನಾಗಿದ್ದುದರಿಂದ. ಇಂದಿನ ದನಿಗಳ ವಿಷಯದಲ್ಲಿಯೂ ಅದೇ ಮಾತನ್ನು ಮುಂದಿನವರು ಹೇಳುವಂತಾಗಬೇಕಾದರೆ ಬೀಗದ ಕೈ ಯಾರ ವಶದಲ್ಲಿದೆಯೆಂದು ನಾವು ಈಗಲೇ ಕೇಳಬೇಕಾಗಿದೆ.